ಒಂದು ಗೋಲಿನ ತನಕ ಕಾಫಿ ಇಲ್ಲ

ಕೆಲವರ ಕಾಲಲ್ಲಿ ಚಕ್ರ ಇರುತ್ತದಂತೆ. ನನಗೆ ಚಕ್ರದ ಜೊತೆಗೆ ಎಡವಟ್ಟೂ ಅಂಟಿಕೊಂಡೇ ಬಂದಿದೆ. ಎಂಟನೇ ಕ್ಲಾಸಿಗೆ ಶಾಲೆಗೊಂದು ದೊಡ್ಡ ನಮಸ್ಕಾರ ಹಾಕಿ ದಾವಣಗೆರೆ ಬಿಟ್ಟೆ. ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಚಾಕು, ಕತ್ತರಿ ಸಾಣೆ ಹಿಡಿಯುತ್ತಾ ಊರೂರು ತಿರುಗಿದೆ. ಲಾರಿಯಲ್ಲಿ ತಿರುಗಿದೆ. ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಸಮುದ್ರವನ್ನೂ ತಿರುಗಿದೆ. ಹೂಸ್ಟನ್ ಬಂದರಿನಲ್ಲಿ ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದಾಗ ಅಲ್ಲಿ ನರ್ಸ್ ಆಗಿದ್ದ ಹರಿಹರದ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಬೈದಳು. ಪರದೇಶದಲ್ಲಿ ಅಷ್ಟು ಚೆನ್ನಾಗಿ ಬೈಯುವವರು ಇನ್ನೆಲ್ಲಿ ಸಿಗುತ್ತಾರೆ ಅಂತ ಅವಳನ್ನೇ ಮದುವೆಯಾಗಿ ಟೆಕ್ಸಾಸಿನಲ್ಲಿ ಉಳಿದೆ. ಎಲ್ಲಿ ಕೆಲಸಕ್ಕೆ ಸೇರಿದರೂ ಏನಾದರೊಂದು ನಡೆದು ಜನ ಹೊಟ್ಟೆ ಹಿಡಿದುಕೊಂಡು ನಗುವಂತಾಗುತ್ತದೆ. ಆದರೆ ಹೋದ ಸೀಸನ್ನಿನಲ್ಲಿ ಐಸ್ ಹಾಕಿ ಟೀಮಿನ ಜೊತೆ ಕಳೆದ ಆರು ತಿಂಗಳಿದೆಯಲ್ಲ, ಅದರ ಮುಂದೆ ಉಳಿದದ್ದೆಲ್ಲ ನೀರು.

ಡಲ್ಲಾಸಿನಲ್ಲಿ ನಮ್ಮವರದ್ದೇ ಒಂದು ಐಸ್ ಹಾಕಿ ಕ್ಲಬ್ ಇದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅದು ಹುಟ್ಟಿದ್ದು ಹೀಗೆ. ಮಕ್ಕಳನ್ನು ಸ್ಕೇಟಿಂಗ್ ಕ್ಲಾಸಿಗೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ ಅಪ್ಪಂದಿರು ಬೆಂಚಿನ ಮೇಲೆ ಕೂತು ಕೂತು ಬೇಜಾರಾಗಿ ತಾವೂ ಕಲಿಯೋಕೆ ಶುರುಮಾಡಿದರು. ಮಕ್ಕಳು ಮೂರೇ ತಿಂಗಳಿಗೆ ಬಿಟ್ಟು ಪಿಯಾನೊ ಕ್ಲಾಸಿಗೆ ಹೋದರು. ಅಪ್ಪಂದಿರು ಬಿಡಲಿಲ್ಲ. ಹದಿನಾಲ್ಕು ಜನ, ಎಲ್ಲರೂ ನಲವತ್ತು ದಾಟಿದವರು, ಹೆಚ್ಚಿನವರು ಡಲ್ಲಾಸ್ ಪಕ್ಕದ ಕಾಪೆಲ್ ಮತ್ತು ಪ್ರಾಸ್ಪರ್ ಕಡೆಯ ಸಾಫ್ಟ್‌ವೇರ್ ಮಂದಿ. ಕೆನಡಾ, ಫಿನ್‌ಲ್ಯಾಂಡ್, ಚೆಕ್ ದೇಶಗಳ ಕ್ಲಬ್ಬುಗಳು ಬಂದು ಆಡುವ ಒಂದು ಅಂತರರಾಷ್ಟ್ರೀಯ ಟೂರ್ನಮೆಂಟಿನ ಕಟ್ಟಕಡೆಯ ದರ್ಜೆಯಲ್ಲಿ ನಮಗೂ ಜಾಗ ಸಿಕ್ಕಿತ್ತು. ಅಕ್ಟೋಬರಿನಿಂದ ಮಾರ್ಚಿನ ತನಕ ಡಲ್ಲಾಸ್, ಹೂಸ್ಟನ್, ಆಸ್ಟಿನ್ ಮೂರು ಊರುಗಳಲ್ಲಿ ಮ್ಯಾಚು. ನನ್ನ ಕೆಲಸ ಸ್ಕೇಟುಗಳಿಗೆ ಸಾಣೆ ಹಿಡಿಯುವುದು, ವ್ಯಾನ್ ಓಡಿಸುವುದು, ಬೆಂಚಿನ ಹಿಂದೆ ನಿಂತು ನೀರು ಕೊಡುವುದು.

ಸೋರೆಕಾಯಿ

ಆ ಕೆಲಸ ಸಿಕ್ಕಿದ್ದು ಒಂದು ಈಳಿಗೆಮಣೆಯಿಂದ. ಕಾಪೆಲ್‌ನ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಅಡುಗೆಯಲ್ಲಿ ಕೈಜೋಡಿಸಲು ಹೋಗಿದ್ದೆ. ಆ ಮನೆಯ ಈಳಿಗೆಮಣೆ ಎಷ್ಟು ಮೊಂಡಾಗಿತ್ತೆಂದರೆ ಸೌತೆಕಾಯಿ ಹೆಚ್ಚಲು ಹೋದರೆ ಜಜ್ಜಿಹೋಗುತ್ತಿತ್ತು. ಹಿತ್ತಲಿಗೆ ಒಯ್ದು ಹತ್ತು ನಿಮಿಷದಲ್ಲಿ ಸಾಣೆ ಹಿಡಿದು ತಂದೆ. ಮನೆಯ ಯಜಮಾನರು ಅದನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಮೈಸೂರಿನವರು, ಹಾಕಿ ಟೀಮಿನ ಕ್ಯಾಪ್ಟನ್.

"ಸ್ಕೇಟಿಗೂ ಸಾಣೆ ಹಿಡೀತೀಯೇನಯ್ಯಾ?"

"ಅಲಗು ಅಂತ ಒಂದಿದ್ರೆ ಯಾವುದಕ್ಕಾದ್ರೂ ಹಿಡೀತೀನಿ ಸರ್."

ಮಾರನೇ ದಿನ ಇಪ್ಪತ್ತೆಂಟು ಸ್ಕೇಟು ನನ್ನ ಮುಂದೆ ಬಂದು ಬಿದ್ದವು. ಕೈಗೆತ್ತಿಕೊಂಡು ನೋಡುತ್ತೇನೆ, ಅಲಗಿನ ನಡುವೆ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಅದರ ಎರಡೂ ದಡಕ್ಕೆ ಒಂದೊಂದು ಅಂಚು. ಯಾರೋ ಕೆಲಸ ಬರದವನು ಎಲ್ಲವನ್ನೂ ಕೆಡಿಸಿಟ್ಟಿದ್ದಾನೆ ಅಂದುಕೊಂಡೆ. ಎರಡು ದಿನ ಕೂತು ಆ ಕಾಲುವೆಯನ್ನೆಲ್ಲ ತೇಯ್ದು ಹಾಕಿ, ಒಂದೇ ಅಂಚು ಬರುವ ಹಾಗೆ ಚೂಪು ಮಾಡಿದೆ. ಪೇಪರ್ ಹಿಡಿದರೆ ಸರ್ರನೆ ಎರಡಾಗುತ್ತಿತ್ತು. ನನಗೆ ನನ್ನ ಕೈ ಮೇಲೇ ಪ್ರೀತಿ ಬಂತು.

ಐಸಿನ ಮೇಲೆ ಹಿಡಿತ ಸಿಗುವುದು, ತಿರುಗುವುದು, ನಿಲ್ಲುವುದು ಎಲ್ಲ ಆ ಎರಡು ಅಂಚುಗಳಿಂದಲೇ ಅಂತ ನನಗೆ ಗೊತ್ತಾಗಿದ್ದು ಮ್ಯಾಚ್ ಶುರುವಾದ ಮೇಲೆ. ಚೆಕ್ ದೇಶದ ಟೀಮು ಎದುರು. ಸೀಟಿ ಊದಿದ ತಕ್ಷಣ ನಮ್ಮವರು ಐದೂ ಜನ ಬಾಣದ ಹಾಗೆ ನೆಟ್ಟಗೆ ಹೋದರು. ಎದುರಾಳಿಗಳು ಹೆದರಿ ದಾರಿ ಬಿಟ್ಟರು. ನಮ್ಮವರು ಚೆಂಡನ್ನೂ ದಾಟಿ, ಗೋಲನ್ನೂ ದಾಟಿ, ಆ ಕಡೆಯ ಗೋಡೆಗೆ ಒಬ್ಬೊಬ್ಬರಾಗಿ ಅಂಟಿಕೊಂಡು ನಿಂತರು. ಚೆಂಡು ಅಂದರೆ ಇಲ್ಲಿ ಕಪ್ಪು ರಬ್ಬರಿನ ಬಿಲ್ಲೆ. ಅದನ್ನು ಚೆಕ್ಕಿನವರು ಆರಾಮಾಗಿ ತಳ್ಳಿಕೊಂಡು ಬಂದು ನಮ್ಮ ಗೋಲಿಗೆ ಹಾಕಿದರು. ಹನ್ನೊಂದು ಸಲ ಹಾಕಿದರು.

ಮ್ಯಾಚ್ ಮುಗಿದ ಮೇಲೆ ಕ್ಯಾಪ್ಟನ್ ಒಂದು ಸ್ಕೇಟನ್ನು ಎತ್ತಿ, ಬೆರಳಲ್ಲಿ ಅಂಚು ಮುಟ್ಟಿ ನೋಡಿ, ಬೆರಳಿಂದ ಬಂದ ರಕ್ತವನ್ನೂ ನೋಡಿ ಹೇಳಿದರು: "ನಾವು ಹಾಕಿ ಆಡ್ಬೇಕು ಕಣಯ್ಯಾ. ಸೋರೆಕಾಯಿ ಹೆಚ್ಚೋದಲ್ಲ."

ಮೇಲಧಿಕಾರಿಯ ಅಪ್ಪಣೆ

ಅದೇ ದಿನ, ಡ್ರೆಸ್ಸಿಂಗ್ ರೂಮಿನಲ್ಲಿ ಹರಕೆಯ ಪ್ರಕರಣ ನಡೆದದ್ದು. ಸೋತು ಸುಣ್ಣವಾಗಿ ಕೂತವರಿಗೆ ಕ್ಯಾಪ್ಟನ್ ಹೆಂಡತಿ, ನಮಗೆಲ್ಲ ಅಕ್ಕ, ಫ್ಲಾಸ್ಕಿನಲ್ಲಿ ತಂದಿದ್ದ ಫಿಲ್ಟರ್ ಕಾಫಿ ಹಂಚುತ್ತಿದ್ದರು. ಅಕ್ಕನ ಕಾಫಿ ಅಂದರೆ ಕಾಪೆಲ್‌ನಿಂದ ಪ್ರಾಸ್ಪರ್ ತನಕ ಹೆಸರುವಾಸಿ. ಕ್ಯಾಪ್ಟನ್ ಲೋಟವನ್ನು ಕೈಗೆ ತಗೊಂಡರು. ಮೂಗಿನ ಹತ್ತಿರ ತಂದರು. ಏನನ್ನಿಸಿತೋ ಏನೋ, ಹಾಗೇ ಕೆಳಗಿಟ್ಟುಬಿಟ್ಟರು.

"ತಾಯಿ ಚಾಮುಂಡಿ ಆಣೆ. ನಮ್ಮ ಟೀಮು ಒಂದೇ ಒಂದು ಗೋಲು ಹಾಕೋವರೆಗೂ ನಾನು ಕಾಫಿ ಕುಡಿಯಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ವಾರದ ಮಾತು, ಬಿಡು, ಅಂತ ನಾನೂ ತಟ್ಟಿದೆ. ತಟ್ಟದವರು ಅಕ್ಕ ಒಬ್ಬರೇ. "ಎರಡು ವರ್ಷದಿಂದ ಇವರ ಆಟ ನೋಡ್ತಿದೀನಿ" ಅಂದರು. "ಹರಕೆ ಹೊರೋ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತಾ?"

ಬೆಳಗ್ಗೆ ಎದ್ದರೆ ಒಂದು, ಪೇಪರ್ ಓದುತ್ತಾ ಒಂದು, ಸ್ನಾನ ಆದಮೇಲೆ ಒಂದು, ಹೀಗೆ ದಿನಕ್ಕೆ ಏಳು ಲೋಟ ಕುಡಿಯುತ್ತಿದ್ದ ಮನುಷ್ಯ. ಮೂರನೇ ದಿನಕ್ಕೆ ತಲೆನೋವು. ಐದನೇ ದಿನಕ್ಕೆ ಮನೆಯ ಬಾಗಿಲು ಜೋರಾಗಿ ಹಾಕಿಕೊಂಡಿತು ಅಂತ ಗಾಳಿಗೇ ಬೈದರು. ಶುಂಠಿ ಕಷಾಯ, ರಾಗಿ ಮಾಲ್ಟು, ಹಸಿರು ಟೀ, ಜೀರಿಗೆ ನೀರು, ಅಕ್ಕ ಕೊಡದೇ ಇದ್ದದ್ದಿಲ್ಲ. ಎಲ್ಲವನ್ನೂ ಕುಡಿದು, "ಇದರಲ್ಲಿ ಏನಿದೆ, ಬಿಸಿ ಬಿಟ್ರೆ?" ಅನ್ನುತ್ತಿದ್ದರು.

ಆಫೀಸಿನಲ್ಲಿ ಆಗಿದ್ದು ಇನ್ನೊಂದು. ಮೀಟಿಂಗಿನಲ್ಲಿ ಯಾರು ಏನೇ ಹೇಳಿದರೂ ಕ್ಯಾಪ್ಟನ್ "ವೈ?" ಅನ್ನತೊಡಗಿದ್ದರಂತೆ. ಅದಕ್ಕೆ ಉತ್ತರ ಕೊಟ್ಟರೆ ಇನ್ನೊಂದು "ವೈ?". ಅವರ ಮೇಲಧಿಕಾರಿ ಟೆಕ್ಸಾಸಿನವನೇ, ಆರಡಿ ಎತ್ತರದ, ಕೌಬಾಯ್ ಟೋಪಿಯ ಮನುಷ್ಯ. ನವೆಂಬರಿನಲ್ಲಿ ಒಂದು ದಿನ ರಿಂಕಿಗೇ ಬಂದು ಬೆಂಚಿನ ಹಿಂದೆ ನಿಂತಿದ್ದ ನನ್ನನ್ನು ಕೇಳಿದ, "ಇವರು ಕಾಫಿ ಯಾವಾಗ ಕುಡೀತಾರೆ?" ನನಗೆ ಬರುವ ಇಂಗ್ಲಿಷಿನಲ್ಲಿ ಹರಕೆ, ಗೋಲು, ಚಾಮುಂಡಿ ಬೆಟ್ಟ ಎಲ್ಲ ವಿವರಿಸಿದೆ. ಅವನಿಗೆ ಬೆಟ್ಟ ಅರ್ಥವಾಗಲಿಲ್ಲ, ಗೋಲು ಅರ್ಥವಾಯಿತು. ಮಾರನೇ ದಿನವೇ ಕ್ಯಾಪ್ಟನ್‌ಗೆ ಮೇಲ್ ಬಂತು: ಮಂಗಳವಾರ, ಗುರುವಾರ ಮಧ್ಯಾಹ್ನ ಆಫೀಸಿಗೆ ಬರಬೇಡಿ, ದಯವಿಟ್ಟು ಹೋಗಿ ಪ್ರಾಕ್ಟೀಸ್ ಮಾಡಿ.

ಡಲ್ಲಾಸಿನಲ್ಲಿ ಡ್ಯೂಟಿಯ ಹೊತ್ತಲ್ಲಿ ಆಟ ಆಡಲು ಮೇಲಧಿಕಾರಿಯೇ ಕೈಮುಗಿದು ಕಳಿಸಿದ್ದು ಇವರೊಬ್ಬರನ್ನೇ ಇರಬೇಕು.

ಅತ್ತೆ ಹೇಳಿದ ಮಾತು

ಹೂಸ್ಟನ್ ಮ್ಯಾಚಿಗೆ ಹೋದಾಗ ನಾವು ಉಳಿದದ್ದು ಎನರ್ಜಿ ಕಾರಿಡಾರ್ ಅನ್ನುವ ಬಡಾವಣೆಯ ಹತ್ತಿರ ಒಬ್ಬ ರಿಟೈರ್ಡ್ ಎಂಜಿನಿಯರ್ ಅಂಕಲ್ ಮನೆಯಲ್ಲಿ. ಒಳಗೆ ಕಾಲಿಟ್ಟು ಶೂ ಬಿಚ್ಚುವುದರೊಳಗೆ ಆಂಟಿ ಟ್ರೇಯಲ್ಲಿ ಕಾಫಿ ತಂದರು. ಕ್ಯಾಪ್ಟನ್ ಕೈಮುಗಿದರು.

"ಬೇಡ ಆಂಟಿ."

"ಯಾಕಪ್ಪಾ? ಸಕ್ಕರೆ ಇಲ್ದೆ ತರ್ಲಾ?"

"ಅದಕ್ಕಲ್ಲ ಆಂಟಿ."

"ಹಾಲು ಆಗಲ್ವಾ? ಬಾದಾಮಿ ಹಾಲಿದೆ, ಓಟ್ಸ್ ಹಾಲಿದೆ. ಮಗಳು ತಂದಿಟ್ಟಿದಾಳೆ, ಅವಳೂ ಕುಡಿಯಲ್ಲ."

"ಬೇಡ ಆಂಟಿ, ನೀರು ಸಾಕು."

ಆಂಟಿಯ ಮುಖ ಬಾಡಿಹೋಯಿತು. "ಮೂವತ್ತು ವರ್ಷ ಆಯ್ತು ಈ ದೇಶಕ್ಕೆ ಬಂದು. ನನ್ನ ಕೈ ಕಾಫಿ ಬೇಡ ಅಂದೋರು ನೀನೇ ಮೊದಲು" ಅಂದರು. ಇನ್ನೇನು ಕಣ್ಣೀರು ಬರಬೇಕು, ಅಷ್ಟರಲ್ಲಿ ನಮ್ಮ ಗೋಲಿ ಬಾಯಿ ಹಾಕಿದರು. ನಮ್ಮ ಗೋಲು ಕಾಯುವವರು ಧಾರವಾಡ ಕಡೆಯ ಹಲ್ಲಿನ ಡಾಕ್ಟರು, ಟೀಮಿಗೆಲ್ಲ ಹಿರಿಯರು.

"ತಪ್ಪು ತಿಳೀಬ್ಯಾಡ್ರೀ ಅಕ್ಕಾರ. ಅವರು ಹರಕಿ ಹೊತ್ತಾರ್ರಿ. ಟೀಮು ಒಂದು ಗೋಲು ಹಾಕೂತನಕಾ ಕಾಫಿ ಮುಟ್ಟಂಗಿಲ್ಲ. ಏಳು ವಾರ ಆತು."

ಆಂಟಿ ಎದೆ ಮೇಲೆ ಕೈಯಿಟ್ಟುಕೊಂಡರು. ಸೀದಾ ಅಡುಗೆಮನೆಗೆ ಹೋದರು. ನಾನು ಲೋಟ ಇಡಲು ಹಿಂದೆಯೇ ಹೋದೆ. ನೋಡಿದರೆ ಆಗಲೇ ಫೋನಿನಲ್ಲಿದ್ದಾರೆ. ಹೂಸ್ಟನ್ ಟೀಮಿನ ಗೋಲು ಕಾಯುವವನು ಅವರ ಅಳಿಯನೇ! ಅಮೆರಿಕದವನು, ಉತ್ತರದ ಹಿಮದ ಊರಿನಲ್ಲಿ ಹುಟ್ಟಿ, ನಡೆಯುವ ಮುಂಚೆ ಜಾರಲು ಕಲಿತವನು. ಆಂಟಿ ಅವನಿಗೆ ಹೇಳುತ್ತಿದ್ದರು, "ಒನ್ಲಿ ಒನ್ ಗೋಲ್, ಕಣಪ್ಪಾ. ಪೂರ್ ಫೆಲೋ, ಸೆವೆನ್ ವೀಕ್ಸ್ ನೋ ಕಾಫಿ! ಅತ್ತೆ ಈಸ್ ಆಸ್ಕಿಂಗ್." ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ನಾನೂ ಇಟ್ಟುಕೊಂಡೆ.

ಮಾರನೇ ದಿನದ ಮ್ಯಾಚಿನಲ್ಲಿ ಅಳಿಯ ಮೂರು ಪೀರಿಯಡ್ಡಿನಲ್ಲಿ ಮೊದಲ ಎರಡನ್ನು ಮರ್ಯಾದೆಗೆ ಅಂತ ಆಡಿದ. ಹೂಸ್ಟನ್ ಏಳು, ನಾವು ಸೊನ್ನೆ. ಮೂರನೆಯದರಲ್ಲಿ ನಮ್ಮ ಪ್ರಾಸ್ಪರ್‌ನ ಆಟಗಾರ, ಎಂಜಿನಿಯರೊಬ್ಬರು, ಬಿಲ್ಲೆ ಹಿಡಿದು ಒಬ್ಬರೇ ಬರುವುದನ್ನು ಕಂಡು ಅಳಿಯ ಒಂದು ಪಕ್ಕಕ್ಕೆ ಸರಿದ. ಇವರು ಹೊಡೆದರು. ಕಂಬಕ್ಕೆ ಟಣ್ ಅಂತು. ಎರಡನೇ ಸಲ ಅಳಿಯ ಬೇಕಂತಲೇ ಕಾಲು ಜಾರಿ ಬಿದ್ದ. ಇವರು ಅವನನ್ನು ನೋಡುತ್ತಾ ತಾವೂ ಬಿದ್ದರು. ಮೂರನೇ ಸಲ ಅವನು ಗೋಲಿನ ಮೇಲಿಟ್ಟಿದ್ದ ಬಾಟ್ಲಿ ತಗೊಂಡು, ನಮಗೆ ಬೆನ್ನು ಹಾಕಿ, ನಿಧಾನಕ್ಕೆ ನೀರು ಕುಡಿಯುತ್ತಾ ನಿಂತ. ಇಡೀ ಗೋಲು ಕಲ್ಯಾಣಮಂಟಪದ ಬಾಗಿಲಿನ ಹಾಗೆ ತೆರೆದಿತ್ತು. ನಮ್ಮವರು ಬಲವಾಗಿ ಬೀಸಿದರು. ಬಿಲ್ಲೆ ಅವನ ಬೆನ್ನಿಗೇ ಬಡಿದು ವಾಪಸ್ ಬಂತು!

ಮ್ಯಾಚ್ ಮುಗಿದ ಮೇಲೆ ಅಳಿಯ ಬೆನ್ನು ನೀವಿಕೊಳ್ಳುತ್ತಾ ಅತ್ತೆಯ ಮುಂದೆ ಬಂದು ತನಗೆ ಬರುವ ಕನ್ನಡದಲ್ಲಿ ಹೇಳಿದ, "ಅತ್ತೆ, ನಾನು ಟ್ರೈ ಮಾಡಿದೆ."

ಆಂಟಿ ಕ್ಯಾಪ್ಟನ್ ಕಡೆ ತಿರುಗಿ ಮೆಲ್ಲಗೆ ಅಂದರು, "ಬಾರ್ಲಿ ನೀರೂ ಚೆನ್ನಾಗಿರುತ್ತಪ್ಪಾ. ಅಭ್ಯಾಸ ಮಾಡ್ಕೋ."

ಮಜ್ಜಿಗೆ

ಜನವರಿಯಲ್ಲಿ ಕೆನಡಾದವರು ಡಲ್ಲಾಸಿಗೆ ಬಂದರು. ಆ ಹೊತ್ತಿಗೆ ಹರಕೆಗೆ ಮೂರು ತಿಂಗಳು. ಕ್ಯಾಪ್ಟನ್ ಕಣ್ಣ ಕೆಳಗೆ ಕಪ್ಪು, ಟೀಮಿನ ಲೆಕ್ಕದಲ್ಲಿ ಇನ್ನೂ ಸೊನ್ನೆ.

ಆಟದ ನಡುವೆ ಬಿಲ್ಲೆ ಪುಟಿದು ಕೆನಡಾದವನೊಬ್ಬನ ಬಾಯಿಗೆ ಬಡಿಯಿತು. ಅವನ ಮುಂದಿನ ಹಲ್ಲು ಐಸಿನ ಮೇಲೆ ಜಾರಿಕೊಂಡು ನೇರವಾಗಿ ನಮ್ಮ ಗೋಲಿನ ಮುಂದೆ ಬಂದು ನಿಂತಿತು. ಬೇರೆ ಯಾವ ಗೋಲಿಯಾದರೂ ಕಾಲಲ್ಲಿ ಸರಿಸುತ್ತಿದ್ದ. ನಮ್ಮ ಡಾಕ್ಟರಿಗೆ ಮೂವತ್ತೈದು ವರ್ಷದ ಕಸುಬು. ಕೋಲು ಎಸೆದರು, ಕೈಗವಸು ಬಿಚ್ಚಿದರು, ಹಲ್ಲು ಎತ್ತಿಕೊಂಡು ಬೆಳಕಿಗೆ ಹಿಡಿದರು.

"ಬೇರು ಸಮೇತ ಬಂದದ! ಕೂಡಸಬಹುದು! ಹಾಲು ತರ್ರೀ, ಹಾಲು! ಹಲ್ಲು ಒಣಗಬಾರದು!"

ಗೋಲು ಬಿಟ್ಟು ಆ ಗಾಯಾಳುವಿನ ಕಡೆ ಓಡಿಯೇಬಿಟ್ಟರು. ಆಟ ಇನ್ನೂ ನಿಂತಿರಲಿಲ್ಲ. ಖಾಲಿ ಗೋಲು ಕಂಡ ಕೆನಡಾದವರು ಒಂದು ಹಾಕಿದರು. ಡಾಕ್ಟರು ಆ ಕಡೆ ತಿರುಗಿಯೂ ನೋಡಲಿಲ್ಲ. "ಬಾಯಿ ಅಗಲ ತಗೀರಿ. ಇನ್ನೂ ಅಗಲ. ಹಾಂ, ಉಗುಳ್ರಿ" ಅಂತ ಧಾರವಾಡದ ಕನ್ನಡದಲ್ಲೇ ಚಿಕಿತ್ಸೆ ಶುರುವಾಗಿತ್ತು. ಆ ಮನುಷ್ಯನೂ ಅರ್ಥವಾದವನ ಹಾಗೆ ಉಗುಳಿದ.

ನಾನು ಹಾಲು ಹುಡುಕಿಕೊಂಡು ಓಡಿದೆ. ಕ್ಯಾಂಟೀನು ಮುಚ್ಚಿತ್ತು. ಮೇಲೆ ಕೂತಿದ್ದ ನಮ್ಮ ಹೆಂಗಸರನ್ನು ಕೇಳಿದರೆ ಒಬ್ಬರ ಹತ್ತಿರ ಪುಳಿಯೋಗರೆ, ಒಬ್ಬರ ಹತ್ತಿರ ಕೋಡುಬಳೆ, ಇನ್ನೊಬ್ಬರ ಹತ್ತಿರ ಒಗ್ಗರಣೆ ಹಾಕಿದ ಮಜ್ಜಿಗೆ. ಬಾಟ್ಲಿ ಸಮೇತ ತಂದೆ. ಡಾಕ್ಟರು ಮುಚ್ಚಳ ತೆಗೆದು ಮೂಸಿದರು.

"ಏನೂ ಇಲ್ಲದಕ್ಕಿಂತ ಛಲೋ. ಕರಿಬೇವು ಅಷ್ಟ ತಗದು ಹಾಕ್ರಿ."

ಹಲ್ಲು ಮಜ್ಜಿಗೆಯಲ್ಲಿ ಮುಳುಗಿ, ಹಲ್ಲಿನ ಯಜಮಾನನ ಜೊತೆ ಆಸ್ಪತ್ರೆಗೆ ಹೋಯಿತು. ಹದಿನೈದು ದಿನ ಬಿಟ್ಟು ಕೆನಡಾದಿಂದ ಡಾಕ್ಟರಿಗೆ ಪತ್ರ ಬಂತು. ಹಲ್ಲು ಕೂತಿದೆ, ತುಂಬಾ ಉಪಕಾರ, ಆದರೆ ಒಂದು ಪ್ರಶ್ನೆ ಅಂತ ಬರೆದಿದ್ದ: "ಆಸ್ಪತ್ರೆಯವರು ಹಲ್ಲಿನ ಜೊತೆ ಒಂದು ಸಾಸಿವೆ ಕಾಳನ್ನೂ ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ. ಅದನ್ನು ಎಲ್ಲಿ ಕೂರಿಸಬೇಕು?"

ಮೊದಲು ನೀವು

ಫೆಬ್ರವರಿಯಲ್ಲಿ ಆಸ್ಟಿನ್. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ನಾನು ಕದ್ದು ಒಂದು ಕಾಫಿ ಕುಡಿದು ಬಂದೆ. ವ್ಯಾನ್ ಹೊರಟು ಐದು ನಿಮಿಷಕ್ಕೆ ಪಕ್ಕದ ಸೀಟಿನಲ್ಲಿದ್ದ ಕ್ಯಾಪ್ಟನ್ ಮೂಗು ಅರಳಿತು.

"ಕುಡಿದ್ಯಾ?"

"ತಪ್ಪಾಯ್ತು ಸರ್. ಕಿಟಕಿ ತೆಗೀತೀನಿ."

"ತೆಗೀಬೇಡ!" ಅಂದರು. "ಕುಡಿಯೋದಕ್ಕೆ ತಾನೆ ಹರಕೆ, ಮೂಸೋದಕ್ಕಲ್ವಲ್ಲ. ನೀನು ಹೀಗೇ ಮಾತಾಡ್ತಾ ಇರು." ಆಸ್ಟಿನ್ ತಲುಪುವ ತನಕ ನನ್ನ ಇಡೀ ಜೀವನಚರಿತ್ರೆ ಹೇಳಿಸಿದರು. ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ, ಮೂಗು ಮಾತ್ರ ನನ್ನ ಕಡೆಗಿತ್ತು.

ಆ ಮ್ಯಾಚಿನಲ್ಲಿ ದೇವರು ಕಣ್ಣು ಬಿಟ್ಟ. ಆಸ್ಟಿನ್‌ನವನೊಬ್ಬ ತನ್ನ ಗೋಲಿನ ಮುಂದೆ ಬಿಲ್ಲೆಯನ್ನು ಕೈಯಲ್ಲಿ ಮುಚ್ಚಿಬಿಟ್ಟ. ಅದು ತಪ್ಪು. ರೆಫ್ರಿ ನಮಗೆ ಪೆನಾಲ್ಟಿ ಶಾಟ್ ಕೊಟ್ಟ. ನಮ್ಮವರಲ್ಲಿ ಯಾರಾದರೂ ಒಬ್ಬರು, ಎದುರಿಗೆ ಗೋಲಿ ಒಬ್ಬನೇ, ನಡುವೆ ಅಡ್ಡ ಬರುವವರಿಲ್ಲ. ನಾಲ್ಕು ತಿಂಗಳಲ್ಲಿ ಇಂಥ ಅವಕಾಶ ಬಂದಿರಲಿಲ್ಲ. ಮೇಲೆ ಕೂತಿದ್ದ ಅಕ್ಕ ಎದ್ದು ನಿಂತರು.

ಕ್ಯಾಪ್ಟನ್ ಪ್ರಾಸ್ಪರ್‌ನ ಎಂಜಿನಿಯರ್‌ಗೆ ಹೇಳಿದರು, "ನೀವು ಹೊಡೀರಿ."

"ಛೆ ಛೆ, ಹರಕೆ ನಿಮ್ಮದು. ನೀವೇ ಹೊಡೀಬೇಕು."

"ನಂದೇನು ಬಂತು, ಟೀಮಿನದು. ಅಲ್ಲದೆ ನೀವು ನನಗಿಂತ ದೊಡ್ಡವರು."

"ಆರೇ ತಿಂಗಳು ಕಣ್ರೀ. ದೊಡ್ಡವರು ಅಂದ್ರೆ ನಮ್ಮ ಡಾಕ್ಟ್ರು."

ಆ ಕಡೆಯ ಗೋಲಿನಿಂದ ಡಾಕ್ಟರು ಕೂಗಿದರು, "ನಂಗ ಬ್ಯಾಡ್ರಿ! ಇವತ್ತು ನಮ್ಮ ಬ್ಯಾಂಕಿನ ಸಾಹೇಬ್ರ ಹುಟ್ಟಿದಹಬ್ಬ ಅದ, ಅವ್ರು ಹೊಡೀಲಿ!"

ಬ್ಯಾಂಕಿನವರು ನಾಚಿಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ಜಾರಿದರು. "ಹುಟ್ಟಿದಹಬ್ಬಕ್ಕೆಲ್ಲ ಏನು, ನೀವು ಹೊಡೆದ್ರೆ ನಾನು ಹೊಡೆದ ಹಾಗೇ." ಊಟದ ಪಂಕ್ತಿಯಲ್ಲಿ ಕೊನೆಯ ಹೋಳಿಗೆ ಎಲೆಯಿಂದ ಎಲೆಗೆ ಹೋಗುತ್ತದಲ್ಲ, ಹಾಗೆ ಆ ಶಾಟು ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ರೆಫ್ರಿ ಬಂದು, "ಯಾರು ಹೊಡೀತೀರಿ?" ಅಂತ ಕೇಳಿದ. ಐದೂ ಜನ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಕೊನೆಗೆ ಎಲ್ಲರೂ ಸೇರಿ ಕ್ಯಾಪ್ಟನ್‌ನ ಬೆನ್ನು ಹಿಡಿದು ತಳ್ಳಿದರು. ಅವರು ನಾಲ್ಕು ಮಾರು ಹೋಗಿ, ಅಲ್ಲಿಂದ ತಿರುಗಿ, "ಯಾರಿಗೂ ಬೇಜಾರಿಲ್ಲ ತಾನೆ?" ಅಂದರು.

ರೆಫ್ರಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಸೀಟಿ ಊದಿದ. ಶಾಟು ರದ್ದು. ಅದರ ಮೇಲೆ, ಹೊತ್ತು ಹಾಳು ಮಾಡಿದ್ದಕ್ಕೆ ನಮ್ಮಲ್ಲೊಬ್ಬರು ಎರಡು ನಿಮಿಷ ಶಿಕ್ಷೆಯ ಕಟಕಟೆಯಲ್ಲಿ ಕೂರಬೇಕು.

"ತಪ್ಪು ನಂದು, ನಾನು ಹೋಗ್ತೀನಿ" ಅಂದರು ಕ್ಯಾಪ್ಟನ್.

"ನೀವ್ಯಾಕೆ? ನಾನು ಹೋಗ್ತೀನಿ" ಅಂದರು ಎಂಜಿನಿಯರ್.

ಬ್ಯಾಂಕಿನವರು ಆಗಲೇ ಹೋಗಿ ಕೂತಿದ್ದರು. ಅವರೊಬ್ಬರನ್ನೇ ಕೂರಿಸಿದರೆ ಚೆನ್ನಾಗಿರಲ್ಲ ಅಂತ ಇನ್ನಿಬ್ಬರೂ ಹೋದರು.

ಬಾಯಿತುಂಬ

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಗ್ಗೆ, ಡಲ್ಲಾಸಿನಲ್ಲಿ ನಮ್ಮ ಕೊನೆಯ ಮ್ಯಾಚು. ಎದುರಿಗೆ ಫಿನ್‌ಲ್ಯಾಂಡಿನವರು. ಇವತ್ತು ಗೋಲಾಗದಿದ್ದರೆ ಮುಂದಿನ ಅಕ್ಟೋಬರ್ ತನಕ ಮ್ಯಾಚಿಲ್ಲ. ಅಂದರೆ ಕ್ಯಾಪ್ಟನ್‌ಗೆ ಇನ್ನೂ ಏಳು ತಿಂಗಳು ಕಾಫಿ ಇಲ್ಲ. ಅಕ್ಕ ನಮ್ಮ ಬೆಂಚಿನ ಹಿಂದಿನ ಸಾಲಿನಲ್ಲೇ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಏಳು ತಿಂಗಳು ನನ್ನ ಕೈಲಾಗಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ನಾನು ಮೈಸೂರಿಗೆ ಹೊರಟೆ. ಟಿಕೆಟ್ ನೋಡಿಟ್ಟಿದೀನಿ" ಅಂದರು. ಮುಖ ನೋಡಿದರೆ ತಮಾಷೆ ಕಾಣಲಿಲ್ಲ.

ಇನ್ನು ನಾಲ್ಕು ನಿಮಿಷ ಉಳಿದಿತ್ತು. ಫಿನ್‌ಲ್ಯಾಂಡ್ ಎಂಟು, ನಾವು ಸೊನ್ನೆ. ಕ್ಯಾಪ್ಟನ್ ಬಿಲ್ಲೆ ತಳ್ಳಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಕಾಲು ತಪ್ಪಿ ಬೋರಲು ಬಿದ್ದರು. ಬಿದ್ದವರು ನಿಲ್ಲಲಿಲ್ಲ, ಹೊಟ್ಟೆಯ ಮೇಲೆ ಜಾರಿಕೊಂಡೇ ಹೋದರು. ತಡೆಯಲು ಬಂದ ಒಬ್ಬನನ್ನು ಕೆಡವಿ ತಮ್ಮ ಜೊತೆ ಸೇರಿಸಿಕೊಂಡರು. ಅವನು 'ಬೇಡ ಬೇಡ' ಅನ್ನುತ್ತಿದ್ದ ಗೋಲಿಯನ್ನೂ ಕೆಡವಿದ. ಮೂರು ಜನ, ಮೂರು ಕೋಲು, ಒಂದು ಬಿಲ್ಲೆ ಎಲ್ಲ ಒಟ್ಟಿಗೆ ಬಲೆಯೊಳಗೆ ಹೋಗಿ ರಾಶಿ ಬಿದ್ದವು. ರೆಫ್ರಿ ಬಗ್ಗಿ ನೋಡಿದ. ಬಿಲ್ಲೆ ಕ್ಯಾಪ್ಟನ್ ಗಲ್ಲದ ಕೆಳಗಿತ್ತು, ಗೋಲಿನ ಗೆರೆ ದಾಟಿ. ಕೈ ತೋರಿಸಿದ. ಗೋಲು!

ಆಮೇಲೆ ಆದ ಗಲಾಟೆ ನಾನು ಯಾವ ಬಂದರಿನಲ್ಲೂ ಕೇಳಿಲ್ಲ. ಎಂಟು ಗೋಲು ಹಾಕಿದ್ದ ಫಿನ್‌ಲ್ಯಾಂಡಿನವರು ತಾವೇ ಸೋತೆವೇನೋ ಅಂತ ಬೋರ್ಡು ನೋಡಿದರು. ಅಕ್ಕ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಕ್ಯಾಪ್ಟನ್ ಬೆಂಚಿಗೆ ಬಂದು, ಹೆಲ್ಮೆಟ್ ತೆಗೆದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣುಮುಚ್ಚಿ ಬಾಯಿತುಂಬ ಕಾಫಿ ತುಂಬಿಕೊಂಡರು.

ಅಷ್ಟರಲ್ಲಿ ಸೀಟಿ. ಫಿನ್‌ಲ್ಯಾಂಡಿನವರು ತಕರಾರು ಎತ್ತಿದ್ದರು. ಬಿಲ್ಲೆ ಒಳಗೆ ಹೋಗುವ ಮುಂಚೆಯೇ ಗೋಲಿನ ಕಂಬ ಜಾಗ ಬಿಟ್ಟು ಜರುಗಿತ್ತು, ಈ ಗೋಲು ಲೆಕ್ಕಕ್ಕಿಲ್ಲ, ವಿಡಿಯೋ ನೋಡಿ ಅಂತ.

ಆ ಕಡೆಯ ಗೋಲಿನಿಂದ ಡಾಕ್ಟರು ಎರಡೂ ಕೈ ಮೇಲೆತ್ತಿ ಕೂಗಿದರು, "ನುಂಗಬ್ಯಾಡ್ರೀ! ಸರ, ನುಂಗಬ್ಯಾಡ್ರಿ! ಇನ್ನೂ ಗೋಲು ಖರೆ ಆಗಿಲ್ಲ!"

ಕ್ಯಾಪ್ಟನ್ ಕಣ್ಣು ಬಿಟ್ಟರು. ನುಂಗಿದರೆ ತಾಯಿ ಚಾಮುಂಡಿ ಆಣೆ ಮುರಿಯುತ್ತದೆ. ಉಗುಳೋಣ ಅಂದರೆ ಅದು ಐದು ತಿಂಗಳು ಕಾದ ಕಾಫಿ. ಎರಡೂ ಕೆನ್ನೆ ಉಬ್ಬಿಸಿಕೊಂಡು ಹಾಗೇ ನಿಂತರು. ನಾನು ಖಾಲಿ ಬಾಟ್ಲಿ ಹಿಡಿದು, "ಇದಕ್ಕೆ ಬಿಡಿ ಸರ್" ಅಂದೆ. ಕಣ್ಣಲ್ಲೇ ನನ್ನನ್ನು ಸುಟ್ಟರು.

ರೆಫ್ರಿ ಎರಡೂ ಕ್ಯಾಪ್ಟನ್‌ಗಳನ್ನು ನಡುವಿಗೆ ಕರೆದ. ಫಿನ್‌ಲ್ಯಾಂಡಿನ ಕ್ಯಾಪ್ಟನ್ ಬಂದಾಗಿನಿಂದ ಹತ್ತು ಮಾತೂ ಆಡದ ಮನುಷ್ಯ. ಅವತ್ತು ಅದೆಲ್ಲಿಂದ ಬಂತೋ, ಕೈ ಬೀಸಿ, ಕಂಬ ತೋರಿಸಿ, ನೆಲಕ್ಕೆ ಬಗ್ಗಿ, ಐದು ನಿಮಿಷ ಭಾಷಣ ಮಾಡಿದ. ಅದು ಮುಗಿದ ಮೇಲೆ ರೆಫ್ರಿ ನಮ್ಮ ಕ್ಯಾಪ್ಟನ್ ಕಡೆ ತಿರುಗಿ ಕೇಳಿದ, "ನಿಮ್ಮದೇನಾದರೂ ಹೇಳುವುದಿದೆಯೇ?"

ನಮ್ಮವರು ತಲೆ ಅಲ್ಲಾಡಿಸಿದರು.

"ಏನೂ ಇಲ್ಲವೇ? ನೀವೇ ಹೊಡೆದ ಗೋಲು."

ಮತ್ತೆ ತಲೆ ಅಲ್ಲಾಡಿಸಿದರು. ಕೆನ್ನೆ ಕೆಂಪಾಗಿ, ಕಣ್ಣಲ್ಲಿ ನೀರು ಕಟ್ಟಿಕೊಂಡಿತ್ತು. ರೆಫ್ರಿಗೆ ಕರುಳು ಚುರ್ ಅಂದಿರಬೇಕು, ಅವರ ಭುಜದ ಮೇಲೆ ಕೈಯಿಟ್ಟು, "ಮೂವತ್ತು ವರ್ಷದಲ್ಲಿ ಇಂಥ ಸಂಭಾವಿತ ಆಟಗಾರನನ್ನು ನಾನು ನೋಡಿಲ್ಲ" ಅಂದ. ನಮ್ಮವರಿಗೆ ನಗು ಬಂತು. ನಕ್ಕರೆ ಕೆಟ್ಟಿತು. ಮೂಗಿನಿಂದ ಒಂದು ಹನಿ ಕಂದು ಬಣ್ಣದ ನೀರು ಇಳಿಯಿತು. ರೆಫ್ರಿ ಗಾಬರಿಯಾಗಿ, "ಡಾಕ್ಟರ್ ಬೇಕೇ?" ಅಂದ. ಡಾಕ್ಟರು ಆ ಕಡೆಯಿಂದಲೇ, "ಬ್ಯಾಡ್ರಿ, ಅದು ಬರೇ ಡಿಕಾಕ್ಷನ್ನು!" ಅಂದರು.

ಒಳಗೆ ಹೋಗಿ ವಿಡಿಯೋ ಒಂದು ಸಲ ನೋಡಿದರು. ಇನ್ನೊಂದು ಸಲ ನೋಡಿದರು. ಅಕ್ಕ ಕಣ್ಣುಮುಚ್ಚಿ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಮೇಲಿನ ಸಾಲಿನಲ್ಲಿದ್ದ ಕ್ಯಾಪ್ಟನ್ ಮೇಲಧಿಕಾರಿ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ.

ರೆಫ್ರಿ ಹೊರಬಂದು ಕೈ ನೆಟ್ಟಗೆ ಚಾಚಿದ. ಗೋಲು ಗೋಲೇ.

'ಗುಳುಂ' ಅಂದದ್ದು ನಾನು ನಿಂತಲ್ಲಿಗೂ ಕೇಳಿಸಿತು. ಆಮೇಲೆ ಏನಿತ್ತು, ಚಪ್ಪಾಳೆ, ಕೇಕೆ, ಕಣ್ಣೀರು. ಕ್ಯಾಪ್ಟನ್ ನಿಧಾನವಾಗಿ ಜಾರಿಕೊಂಡು ಬೆಂಚಿಗೆ ಬಂದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಈಗಲಾದರೂ ಒಂದು ಒಳ್ಳೆ ಮಾತು ಬರುತ್ತದೇನೋ ಅಂತ ಕಾಯುತ್ತಾ ನಿಂತಿದ್ದರು. ಕ್ಯಾಪ್ಟನ್ ತುಟಿ ಸವರಿಕೊಂಡರು. ಒಂದು ಸಲ ನಾಲಿಗೆ ಚಪ್ಪರಿಸಿದರು.

"ಡಿಕಾಕ್ಷನ್ ಸ್ವಲ್ಪ ತೆಳುವಾಯ್ತು ಕಣೇ."

ಅಕ್ಕ ಒಂದು ಕ್ಷಣ ಗಂಡನ ಮುಖವನ್ನೇ ನೋಡಿದರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಗಟ್ಟಿಯಾಗಿ ಹಾಕಿದರು. ಆಮೇಲೆ ಬೆಂಚಿನ ಮೇಲೆ ಹತ್ತಿ ನಿಂತು, ಇಡೀ ರಿಂಕಿಗೆ ಕೇಳುವ ಹಾಗೆ ರೆಫ್ರಿಯನ್ನು ಕೂಗಿದರು:

"ಎಕ್ಸ್‌ಕ್ಯೂಸ್ ಮೀ, ಸರ್! ಆ ವಿಡಿಯೋ ಪ್ಲೀಸ್ ಇನ್ನೊಂದ್ಸಲ ನೋಡ್ತೀರಾ?"